ಚಂಡಮಾರುತ ದುರ್ಬಲಗೊಂಡ ಮೇಲೆ ಬರುವ ನೆರೆ

ಚಂಡಮಾರುತವು ಆಂಧ್ರದ ಕರಾವಳಿಯನ್ನು ದಾಟಿ ದುರ್ಬಲಗೊಂಡಿದೆ ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದ ಕೂಡಲೇ ನಮ್ಮ ಕಡೆಯ ಜನ ಚಾನೆಲ್ ಬದಲಿಸುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಕುಳಿತವರಿಗೆ ಸಮುದ್ರ ದೂರದ ಸಂಗತಿ, ಮುರಿದು ಬಿದ್ದ ತೆಂಗಿನ ಮರಗಳು ಬೇರೆಯವರ ಕಷ್ಟ. ಆದರೆ ನಾವು ಎಚ್ಚರಗೊಳ್ಳಬೇಕಾದ ಗಳಿಗೆ ಅದೇ ಎಂಬುದನ್ನು ತಮ್ಮ ಮುಂದಿಡಲು ಬಂದಿದ್ದೇನೆ. ಹವಾಮಾನ ಇಲಾಖೆ ಈ ವ್ಯವಸ್ಥೆಗಳನ್ನು ವಿಂಗಡಿಸುವುದು ಗಾಳಿಯ ವೇಗದ ಮೇಲೆ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, ಅದಕ್ಕಿಂತ ಕೆಳಗೆ ತೀವ್ರ ವಾಯುಭಾರ ಕುಸಿತ, ಇನ್ನೂ ಕೆಳಗೆ ವಾಯುಭಾರ ಕುಸಿತ. ನೆಲಕ್ಕೆ ಬಂದ ಮೇಲೆ ಸಮುದ್ರದ ಬಿಸಿ ನೀರಿನ ಆಸರೆ ತಪ್ಪುವುದರಿಂದ ಗಾಳಿ ಇಳಿಯುತ್ತದೆ, ಅದರೊಡನೆ ಅದರ ಹೆಸರೂ ಸುದ್ದಿಯಿಂದ ಮರೆಯಾಗುತ್ತದೆ. ಆದರೆ ಸಮುದ್ರದಿಂದ ಹೊತ್ತು ತಂದ ತೇವಾಂಶ ಎಲ್ಲಿಯೂ ಹೋಗಿರುವುದಿಲ್ಲ. ಆ ತೇವಾಂಶವನ್ನು ಹೊತ್ತ ಮೋಡಗಳು ಒಳನಾಡಿಗೆ ಬಂದು, ಗಾಳಿಯ ಅಬ್ಬರವಿಲ್ಲದೆ, ಗಂಟೆಗಟ್ಟಲೆ ಒಂದೇ ಕಡೆ ಸುರಿಯುತ್ತವೆ.

ಇದಕ್ಕೆ ದೂರದ ಸಾಕ್ಷಿ ಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಹೆಸರು ಪಡೆದ ಯಾವುದೇ ಚಂಡಮಾರುತವಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ತುಂಗಭದ್ರೆ ಮಂತ್ರಾಲಯಕ್ಕೆ ನುಗ್ಗಿತು, ಕರ್ನೂಲು ನಗರ ನೀರಿನಲ್ಲಿ ನಿಂತಿತು, ಸಿರುಗುಪ್ಪ, ಮಾನ್ವಿ, ಸಿಂಧನೂರಿನ ನದಿಪಾತ್ರದ ಊರುಗಳು ಖಾಲಿಯಾದವು. ಆಮೇಲೆ ಕಟ್ಟಿದ ಆಸರೆ ಮನೆಗಳನ್ನು ತಾವೆಲ್ಲ ನೋಡಿದ್ದೀರಿ. ಕೆಲವರು ಅಲ್ಲೇ ವಾಸವಾಗಿದ್ದೀರಿ, ಕೆಲವರು ಹಳೆಯ ಊರಿಗೇ ಮರಳಿದ್ದೀರಿ. ಮರಳಿದವರಿಗಾಗಿಯೇ ಇವತ್ತಿನ ಮಾತು ಹೆಚ್ಚು.

2020ರಲ್ಲಿ ಮತ್ತೆ ಅದೇ ಆಯಿತು. ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಕರಾವಳಿ ದಾಟಿದ ವಾಯುಭಾರ ಕುಸಿತ ತೆಲಂಗಾಣದ ಮೇಲೆ ಹಾದು, ಹೈದರಾಬಾದನ್ನು ಮುಳುಗಿಸಿ, ಕಲಬುರಗಿ, ವಿಜಯಪುರಗಳ ಮೇಲೆ ಸಾಗಿತು. ಭೀಮೆಯಲ್ಲಿ ಸುಮಾರು 8 ಲಕ್ಷ ಕ್ಯುಸೆಕ್ (ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ) ನೀರು ಬಂತು. ಭೀಮೆ ಕೃಷ್ಣೆಯನ್ನು ಸೇರುವುದು ರಾಯಚೂರು ತಾಲ್ಲೂಕಿನ ಅಂಚಿನಲ್ಲಿ. ಹಾಗಾಗಿ ಅಲ್ಲಿ ಸುರಿದ ಮಳೆಯ ಲೆಕ್ಕ ಇಲ್ಲಿಯೂ ಚುಕ್ತಾ ಆಗಲೇಬೇಕು. 2021ರ ಸೆಪ್ಟೆಂಬರ್ 26ರಂದು ಕಳಿಂಗಪಟ್ಟಣದ ಬಳಿ ನೆಲ ಮುಟ್ಟಿದ ಗುಲಾಬ್ ಚಂಡಮಾರುತವಂತೂ ದುರ್ಬಲಗೊಂಡು ಇಡೀ ದಖ್ಖನ್ ಪ್ರಸ್ಥಭೂಮಿಯನ್ನು ದಾಟಿ ಅರಬ್ಬಿ ಸಮುದ್ರ ಸೇರಿ, ಅಲ್ಲಿ ಶಾಹೀನ್ ಎಂಬ ಹೊಸ ಹೆಸರಿನಿಂದ ಮೇಲೆದ್ದು ಒಮಾನ್ ದೇಶವನ್ನು ಹೊಡೆಯಿತು. ಟಿ.ವಿ.ಯವರು ಮುಗಿಯಿತೆಂದು ಕೈಬಿಟ್ಟದ್ದು ಇನ್ನೊಂದು ಸಮುದ್ರವನ್ನು ಮುಟ್ಟುವಷ್ಟು ಜೀವ ಉಳಿಸಿಕೊಂಡಿತ್ತು.

ನೆರೆ ಎಂದರೆ ನಾವು ನೋಡುವುದು ಪಶ್ಚಿಮಕ್ಕೆ, ಮತ್ತು ಈ ರೂಢಿ ಬಹಳ ಗಟ್ಟಿಯಾದದ್ದು. ಜುಲೈ-ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ಮಳೆಯಾದರೆ ತುಂಗಭದ್ರಾ ಜಲಾಶಯಕ್ಕೆ ಒಳಹರಿವು, ಮಹಾಬಳೇಶ್ವರದ ಕಡೆ ಮಳೆಯಾದರೆ ಆಲಮಟ್ಟಿಗೆ, ಅಲ್ಲಿಂದ ನಾರಾಯಣಪುರಕ್ಕೆ. ಪತ್ರಿಕೆಯಲ್ಲಿ ದಿನವೂ ಅಂಕಿ ಬರುತ್ತದೆ, ನದಿಪಾತ್ರದ ಊರುಗಳಲ್ಲಿ ಡಂಗುರ ಸಾರುತ್ತಾರೆ, ತಹಶೀಲ್ದಾರರು ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಗಳ ಜನ ಸಿಕ್ಕಿಹಾಕಿಕೊಂಡರು ನಿಜ. ಆದರೆ ನೀರು ಬರುತ್ತದೆ ಎಂಬ ಸುದ್ದಿ ನೀರಿಗಿಂತ ಮೊದಲೇ ಬಂದಿತ್ತು. ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ ಪೂರ್ವದಿಂದ ಬರುವ ಈ ವ್ಯವಸ್ಥೆಗಳು ಆ ಅವಕಾಶವನ್ನು ಕೊಡುವುದಿಲ್ಲ. ಮಳೆ ಬೀಳುವುದು ನಮ್ಮ ತಲೆಯ ಮೇಲೆಯೇ, ಅಣೆಕಟ್ಟೆಗಳ ಕೆಳಗೆ. 2009ರಲ್ಲಿ ತುಂಗಭದ್ರೆ ಅಷ್ಟು ಉಗ್ರಳಾದದ್ದರಲ್ಲಿ ಅಣೆಕಟ್ಟೆಯ ಕೆಳಗಿನ ಹಳ್ಳಗಳದೂ, ವೇದಾವತಿ ಎಂದೂ ಕರೆಯುವ ಉಪನದಿ ಹಗರಿಯದೂ ದೊಡ್ಡ ಪಾಲು. ಆ ನೀರಿಗೆ ಗೇಟ್ ಇಲ್ಲ, ಆದ್ದರಿಂದ ಅದನ್ನು ಬಿಡುವ ಮುನ್ನ ಯಾರೂ ಪ್ರಕಟಣೆ ಹೊರಡಿಸುವುದಿಲ್ಲ.

ಹಗರಿಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬಳ್ಳಾರಿ, ಸಿರುಗುಪ್ಪದ ಕಡೆಯವರು ವರ್ಷದ ಬಹುಕಾಲ ಆ ನದಿಯನ್ನು ಬರೀ ಮರಳಾಗಿಯೇ ನೋಡಿರುತ್ತಾರೆ. ಮರಳಿನ ನದಿಗೆ ಯಾರೂ ಹೆದರುವುದಿಲ್ಲ; ಅದರ ಪಾತ್ರದಲ್ಲೇ ಬೆಳೆ ಇಡುತ್ತಾರೆ, ಮೋಟಾರು ಕೂರಿಸುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ, ಅದೇ ವೇದಾವತಿಯ ಕೆಳಹರಿವಿನಲ್ಲಿ ನಾವಿದ್ದೇವೆ ಎಂಬುದು ನಮ್ಮಲ್ಲಿ ಅನೇಕರಿಗೆ ಹೊಸದಾಗಿ ನೆನಪಾಯಿತು. ಎಂಬತ್ತೊಂಬತ್ತು ವರ್ಷ ತುಂಬದ ಕೆರೆ ತುಂಬುವುದಿಲ್ಲ ಎಂದು ಯಾರೂ ಬರೆದುಕೊಟ್ಟಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನೀರಾವರಿಯ ಕೆಲಸ ಮಾಡಿದವನಿಗೆ ಲೆಕ್ಕವಿಲ್ಲದೆ ಮಾತು ಮುಗಿಯುವುದಿಲ್ಲ, ಕ್ಷಮಿಸಬೇಕು. ನಮ್ಮ ಜಿಲ್ಲೆಗಳ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿ.ಮೀ. ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5ರವರೆಗೆ ಭಾರೀ ಮಳೆ, 204.4ರವರೆಗೆ ಅತಿ ಭಾರೀ ಮಳೆ, 204.5ರಿಂದ ಮೇಲೆ ಅತ್ಯಂತ ಭಾರೀ ಮಳೆ. ಅಂದರೆ ಆ ಕೊನೆಯ ದರ್ಜೆಯ ಮಳೆ ಒಂದು ದಿನ ಬಿದ್ದರೆ ವರ್ಷದ ಮೂರನೆಯ ಒಂದು ಭಾಗ ಒಂದೇ ದಿನಕ್ಕೆ ಬಂದಂತಾಯಿತು. ಕರಾವಳಿಯ ನೆಲ ಅದಕ್ಕೆ ಒಗ್ಗಿದೆ, ನಮ್ಮ ಎರೆಭೂಮಿ ಒಗ್ಗಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮೊದಲ ಮಳೆಯನ್ನು ಗಟಗಟನೆ ಕುಡಿಯುತ್ತದೆ. ಆದರೆ ಅಕ್ಟೋಬರ್ ಹೊತ್ತಿಗೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಹೋಗಿರುತ್ತವೆ, ಆಮೇಲೆ ಬಿದ್ದ ನೀರು ಒಳಗಿಳಿಯದೆ ಹೊಲದ ಮೇಲಿಂದಲೇ ಹಳ್ಳಕ್ಕೆ ಓಡುತ್ತದೆ.

ಹತ್ತು ಚದರ ಕಿಲೋಮೀಟರ್ ಹೊಲದ ನೀರು ಹರಿದು ಬರುವ ಒಂದು ಸಣ್ಣ ಹಳ್ಳವನ್ನು ತೆಗೆದುಕೊಳ್ಳಿ. ಪ್ರತಿ ಊರಿಗೂ ಅಂಥದ್ದೊಂದು ಇದೆ. ಅಲ್ಲಿ 100 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಘನ ಮೀಟರ್ ನೀರು. ಅದರಲ್ಲಿ ಅರ್ಧದಷ್ಟು ಮೂರು ಗಂಟೆಗಳಲ್ಲಿ ಹಳ್ಳಕ್ಕೆ ಇಳಿಯಿತೆಂದರೆ ಸರಾಸರಿ ಹರಿವು 1,600 ಕ್ಯುಸೆಕ್ ದಾಟುತ್ತದೆ. ಆ ಹಳ್ಳದ ಮೇಲೆ ನಮ್ಮ ಹಳ್ಳಿಯ ರಸ್ತೆ ಇದೆ, ರಸ್ತೆಯ ಕೆಳಗೆ ಒಂದು ಮೀಟರ್ ವ್ಯಾಸದ ಮೂರು ಸಿಮೆಂಟ್ ಪೈಪುಗಳಿವೆ. ಅವು ಮೂರೂ ಕಸ ಕಟ್ಟಿಕೊಳ್ಳದೆ ತೆರೆದಿದ್ದರೆ 200-250 ಕ್ಯುಸೆಕ್ ಸಾಗಿಸಬಹುದು. ಉಳಿದ ನೀರು ರಸ್ತೆಯ ಮೇಲಿಂದಲೇ ಹೋಗಬೇಕು, ಬೇರೆ ದಾರಿ ಅದಕ್ಕಿಲ್ಲ. ಹೀಗಿರುವಾಗ ನೀರು ರಸ್ತೆಗೆ ಬಂದದ್ದು ಅಚ್ಚರಿಯೆಂದು ಪ್ರತಿ ವರ್ಷ ನಾವು ಮಾತಾಡಿಕೊಳ್ಳುವುದೇ ನನಗೆ ಅಚ್ಚರಿ. ಪಂಚಾಯಿತಿ ಸದಸ್ಯರು ಈ ಸಭೆಯಲ್ಲಿ ಹಲವರಿದ್ದೀರಿ. ಆ ಪೈಪುಗಳ ಬಾಯಿಯಲ್ಲಿ ಕಟ್ಟಿಕೊಂಡ ಜಾಲಿಮುಳ್ಳು, ಹತ್ತಿಕಟ್ಟಿಗೆ, ಪ್ಲಾಸ್ಟಿಕ್ಕನ್ನು ಸೆಪ್ಟೆಂಬರ್ ಕೊನೆಯೊಳಗೆ ತೆಗೆಸಿದರೆ ಅದಕ್ಕಿಂತ ಅಗ್ಗದ ನೆರೆ ಸಿದ್ಧತೆ ಇನ್ನೊಂದಿಲ್ಲ.

ಜಲಾಶಯದ ಲೆಕ್ಕವೂ ಹೀಗೆಯೇ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಆ ಮಟ್ಟದಲ್ಲಿ ಸಂಗ್ರಹ ಸುಮಾರು 105.8 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ). ಒಂದು ಲಕ್ಷ ಕ್ಯುಸೆಕ್ ಒಳಹರಿವು ಒಂದು ದಿನ ಬಂದರೆ 8.64 ಟಿ.ಎಂ.ಸಿ. ಆಗುತ್ತದೆ. ಮಳೆಗಾಲದ ಕೊನೆಯಲ್ಲಿ, ಎರಡನೆಯ ಬೆಳೆಗೆ ನೀರು ಉಳಿಸಬೇಕೆಂದು 100 ಟಿ.ಎಂ.ಸಿ. ತುಂಬಿಸಿ ಇಟ್ಟಿದ್ದರೆ, ಗೇಟುಗಳನ್ನು ತೆರೆಯದೆ ಆ ಒಳಹರಿವನ್ನು ತಡೆದಿಟ್ಟುಕೊಳ್ಳಲು ಸಿಗುವುದು ಸುಮಾರು 16 ಗಂಟೆ. ಜೂನ್‌ನಲ್ಲಿ ಖಾಲಿ ಇದ್ದ ಜಲಾಶಯ ನೆರೆಯನ್ನು ನುಂಗಿಕೊಳ್ಳುತ್ತದೆ, ಅಕ್ಟೋಬರ್‌ನಲ್ಲಿ ತುಂಬಿದ ಜಲಾಶಯ ಬಂದದ್ದನ್ನು ಬಂದ ಹಾಗೆ ಮುಂದಕ್ಕೆ ಕಳಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಕೆಳಗಿನ ಊರುಗಳಲ್ಲಿ ಎಷ್ಟು ಗಾಬರಿಯಾಯಿತೆಂಬುದು ತಮಗೆ ನೆನಪಿದೆ. ಅಂಥ ಅಪರೂಪದ ಅವಘಡ ನಡೆಯದಿದ್ದರೂ ಅಕ್ಟೋಬರ್‌ನ ಮಳೆಗೆ ನದಿಪಾತ್ರದಲ್ಲಿ ನೀರು ಬೇಗ ಏರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ನಮಗೆ ಸಿಗುವ ಸಮಯವೆಷ್ಟು? ಮಚಲಿಪಟ್ಟಣದಿಂದ ರಾಯಚೂರಿಗೆ ನೇರ ದೂರ ಸುಮಾರು 400 ಕಿ.ಮೀ. ನೆಲದ ಮೇಲೆ ಈ ವ್ಯವಸ್ಥೆಗಳು ಗಂಟೆಗೆ ಹತ್ತು-ಇಪ್ಪತ್ತು ಕಿ.ಮೀ. ವೇಗದಲ್ಲಿ ಸಾಗುವುದು ಸಾಮಾನ್ಯ. ಅಂದರೆ ಕರಾವಳಿ ದಾಟಿದ ಸುದ್ದಿ ಬಂದ ಮೇಲೆ ಒಂದು ಹಗಲು, ಒಂದು ರಾತ್ರಿ, ಹೆಚ್ಚೆಂದರೆ ಇನ್ನಷ್ಟು. ಮೋಡದ ಅಂಚು ಕೇಂದ್ರಕ್ಕಿಂತ ನೂರಾರು ಕಿ.ಮೀ. ಮುಂದೆ ಇರುವುದರಿಂದ ಮಳೆ ಅದಕ್ಕೂ ಮೊದಲೇ ಆರಂಭವಾಗಬಹುದು. ಆದ್ದರಿಂದ ಆ ಸುದ್ದಿಯ ದಿನವೇ ಜಿಲ್ಲಾವಾರು ಮುನ್ಸೂಚನೆಯ ಬಣ್ಣವನ್ನು ನೋಡಬೇಕು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ನಮ್ಮಲ್ಲಿ ಹಳದಿಗೆ ಮರ್ಯಾದೆ ಇಲ್ಲ, ಏಕೆಂದರೆ ಹತ್ತು ಸಲ ಹಳದಿ ಬಂದರೆ ಆರು ಸಲ ನಮ್ಮೂರಲ್ಲಿ ಹನಿಯೂ ಬೀಳದಿರಬಹುದು. ಅದು ಜಿಲ್ಲೆಗೆ ಕೊಟ್ಟ ಸೂಚನೆ, ನಮ್ಮ ಓಣಿಗಲ್ಲ; ನಮ್ಮೂರು ಬಿಟ್ಟು ಮೇಲಿನ ಊರಿನಲ್ಲಿ ಬಿದ್ದ ಮಳೆ ನಮ್ಮ ಹಳ್ಳಕ್ಕೇ ಬರುತ್ತದೆ. ಸಿಡಿಲಿಗೆ ದಾಮಿನಿ, ಎಲ್ಲ ಬಗೆಯ ವಿಪತ್ತಿಗೆ ಸಚೇತ್ ಎಂಬ ಸರ್ಕಾರಿ ಆ್ಯಪ್‌ಗಳಿವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಯಿಂದ ಹಾಕಿಸಿಕೊಳ್ಳಿ.

ಮನೆಯ ಸಿದ್ಧತೆಯ ಬಗ್ಗೆ ದೀರ್ಘವಾಗಿ ಹೇಳಬೇಕಾಗಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡುವುದು, ಫೋನ್ ಚಾರ್ಜ್ ಮಾಡುವುದು, ಕುಡಿಯುವ ನೀರು ತುಂಬಿಡುವುದು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ವಾರಕ್ಕಾಗುವಷ್ಟು ತರಿಸುವುದು ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಯಾರೂ ಹೇಳದ ಕೆಲವನ್ನು ಹೇಳುತ್ತೇನೆ. ದಿನ ತುಂಬುತ್ತಿರುವ ಗರ್ಭಿಣಿ ಮನೆಯಲ್ಲಿದ್ದರೆ, ಅದರಲ್ಲೂ ನಡುಗಡ್ಡೆಯಲ್ಲೋ ಹಳ್ಳದಾಚೆಯ ತಾಂಡಾದಲ್ಲೋ ಇದ್ದರೆ, ಮಳೆ ಆರಂಭವಾಗುವ ಮುನ್ನವೇ ತಾಲ್ಲೂಕು ಆಸ್ಪತ್ರೆ ಇರುವ ಊರಿನ ನೆಂಟರ ಮನೆಗೆ ಕಳಿಸಬೇಕು. ರಸ್ತೆ ಮುಳುಗಿದ ಮೇಲೆ 108 ಹಳ್ಳದ ಆ ದಡದಲ್ಲೇ ನಿಲ್ಲುತ್ತದೆ. ನದಿಯಲ್ಲಿ ಇಳಿಬಿಟ್ಟ ಪಂಪ್‌ಸೆಟ್ಟನ್ನು ತೆಗೆಯುವುದಾದರೆ ಹಗಲಿನಲ್ಲಿ, ವಿದ್ಯುತ್ ಕಡಿಸಿ, ನೀರು ಏರುವ ಮುನ್ನ ತೆಗೆಯಬೇಕು. ಏರುತ್ತಿರುವ ನೀರಿನಲ್ಲಿ ಮೋಟಾರಿಗಾಗಿ ಇಳಿದವರ ಕಥೆಗಳು ಪ್ರತಿ ನದಿಪಾತ್ರದ ಊರಿನಲ್ಲಿವೆ. ಕುರಿಗಾಹಿಗಳು ಹಟ್ಟಿ ಹಾಕುವುದು ಹುಲ್ಲು ಚೆನ್ನಾಗಿರುವ ಹಳ್ಳದ ಬದಿಯಲ್ಲೇ. ಬೇರೆ ತಾಲ್ಲೂಕಿನಿಂದ ಬಂದ ಅವರಿಗೆ ನಮ್ಮ ಹಳ್ಳದ ಗುಣ ತಿಳಿದಿರುವುದಿಲ್ಲ, ಹೇಳುವುದು ಊರಿನವರ ಕೆಲಸ. ದನಕರುಗಳನ್ನು ಎತ್ತರಕ್ಕೆ ಒಯ್ಯಲಾಗದಿದ್ದರೆ ಕಡೇಪಕ್ಷ ಹಗ್ಗ ಬಿಚ್ಚಿಬಿಡಿ. ಗೂಟಕ್ಕೆ ಕಟ್ಟಿದ ಎತ್ತು ಈಜಲಾರದು.

ಇನ್ನು ಪ್ರಯಾಣ. ಈ ಮಳೆಗಳ ಕಾಲ ದಸರಾ, ದೀಪಾವಳಿ, ಕಾರ್ತಿಕದ ಕಾಲವೂ ಹೌದು. ಬೆಂಗಳೂರಿಗೆ ದುಡಿಯಲು ಹೋದವರು ಊರಿಗೆ ಬರುತ್ತಾರೆ, ಹುಲಿಗಿ, ಅಂಜನಾದ್ರಿ, ಮಂತ್ರಾಲಯಗಳಿಗೆ ಭಕ್ತರು ಹೋಗುತ್ತಾರೆ, ಹತ್ತಿ ಬಿಡಿಸಲು ಕೂಲಿಯವರು ಕ್ರೂಸರ್, ಟಂಟಂ, ಟ್ರ್ಯಾಕ್ಟರ್‌ಗಳಲ್ಲಿ ಊರಿಂದೂರಿಗೆ ಓಡಾಡುತ್ತಾರೆ. ಒಳನಾಡಿನ ನೆರೆಯಲ್ಲಿ ಜೀವ ಹೋಗುವುದು ಬಹುಪಾಲು ಹೀಗೆ ದಾರಿಯಲ್ಲಿ ಇರುವವರದು. ಹರಿಯುವ ನೀರು ಅರ್ಧ ಅಡಿ ಇದ್ದರೆ ನಡೆಯುವವನ ಕಾಲು ತಪ್ಪಿಸಬಲ್ಲದು, ಒಂದು ಅಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿ ಇದ್ದರೆ ಜೀಪು, ಕ್ರೂಸರ್‌ಗಳನ್ನೂ ಎಳೆದೊಯ್ಯಬಲ್ಲದು. ಭಾರವಾದ ಗಾಡಿ ನಿಲ್ಲುತ್ತದೆ ಎಂಬ ನಂಬಿಕೆ ತಪ್ಪು, ಏಕೆಂದರೆ ಒಂದು ಘನ ಮೀಟರ್ ನೀರೇ ಒಂದು ಟನ್ ತೂಗುತ್ತದೆ, ಗಾಡಿ ಮುಳುಗಿದಷ್ಟೂ ಅದರ ತೂಕವನ್ನು ನೀರು ಎತ್ತಿಕೊಳ್ಳುತ್ತದೆ. ಇನ್ನೊಂದು ಸಂಗತಿ: ನೀರಿನ ಕೆಳಗೆ ರಸ್ತೆ ಇದೆಯೋ ಇಲ್ಲವೋ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ನಿನ್ನೆ ದಾಟಿದ ಕಿರುಸೇತುವೆಯ ಒಂದು ಬದಿಯ ಮಣ್ಣು ಇವತ್ತು ಕೊಚ್ಚಿಹೋಗಿರಬಹುದು.

ಮುಂದಿನ ಗಾಡಿ ದಾಟಿತು ಎಂಬ ಧೈರ್ಯ ಎಲ್ಲಕ್ಕಿಂತ ಕೆಟ್ಟದ್ದು. ಚಾಲಕ ದಾಟಲು ಹೊರಟರೆ, ಗಾಡಿಯಲ್ಲಿ ಕುಳಿತ ಹದಿನೈದು ಜನರಲ್ಲಿ ಒಬ್ಬರಾದರೂ ಇಳಿಯುತ್ತೇನೆ ಎನ್ನಬೇಕು. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಹಾಗೆ ಹೇಳಲು ಹಿಂಜರಿಯುತ್ತಾರೆ, ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತವೆ, ಸಂಜೆಯಾಗಿರುತ್ತದೆ. ಅದಕ್ಕಾಗಿ ನಾನು ಹೊಲದ ಮಾಲೀಕರನ್ನು ಕೇಳಿಕೊಳ್ಳುತ್ತೇನೆ: ಕಿತ್ತಳೆ ಸೂಚನೆ ಇರುವ ದಿನ ಹಳ್ಳದಾಚೆಯ ಹೊಲಕ್ಕೆ ಕೂಲಿ ಕರೆಯಬೇಡಿ; ಕರೆದಿದ್ದರೆ, ಮೋಡ ಕಟ್ಟಿದ ಕೂಡಲೇ ಅರ್ಧ ದಿನಕ್ಕೇ ಪೂರ್ತಿ ಕೂಲಿ ಕೊಟ್ಟು ಕಳಿಸಿ. ಹತ್ತಿ ಒಂದು ದಿನ ತಡವಾಗಿ ಬಿಡಿಸಿದರೆ ಬಣ್ಣ ಕೆಡಬಹುದು, ಅಷ್ಟೇ.

ಬದಲಿ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ತುಂಗಭದ್ರೆಯಲ್ಲಿ ಹೊರಹರಿವು ಹೆಚ್ಚಿದಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಎಲ್ಲರಿಗೂ ತಿಳಿದದ್ದೇ. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ದಾರಿ ಹಿಡಿಯಬೇಕಾಗುತ್ತದೆ, ಅದಕ್ಕೆ ಹೆಚ್ಚಿನ ಸಮಯ ಇಟ್ಟುಕೊಳ್ಳಬೇಕು. ದೇವದುರ್ಗ ಮತ್ತು ಶಹಾಪುರ ನಡುವೆ ಓಡಾಡುವವರಿಗೆ ಹೂವಿನಹೆಡಗಿ ಸೇತುವೆಯ ಕಥೆಯೂ ಹೀಗೆಯೇ. ಹರಿಗೋಲಿನವರು ಎಷ್ಟೇ ನುರಿತವರಾದರೂ ಪ್ರವಾಹದ ದಿನ ಹರಿಗೋಲು ಹತ್ತಬಾರದು. ಪ್ರವಾಸಿಗರನ್ನು ಕರೆದೊಯ್ಯುವವರಿಗೆ 2019ರ ಆಗಸ್ಟ್‌ನಲ್ಲಿ ಹಂಪಿ ಬಳಿಯ ನಡುಗಡ್ಡೆ ವಿರುಪಾಪುರ ಗಡ್ಡೆಯಲ್ಲಿ ಆದದ್ದು ನೆನಪಿರಲಿ: ನೂರಾರು ಜನ ಅಲ್ಲಿ ಸಿಕ್ಕಿಕೊಂಡರು, ಹೆಲಿಕಾಪ್ಟರ್ ತರಿಸಬೇಕಾಯಿತು, ರಕ್ಷಣೆಗೆ ಹೋದವರ ದೋಣಿಯೇ ಮಗುಚಿತು. ಅವರು ಪಾರಾದದ್ದು ಪುಣ್ಯ. ನೀರು ನೋಡಲೆಂದೇ ಸೇತುವೆಗೆ ಹೋಗಿ ಮೊಬೈಲ್ ಹಿಡಿದು ನಿಲ್ಲುವ ಹುಡುಗರ ಬಗ್ಗೆ ನಾನು ಇನ್ನೇನು ಹೇಳಲಿ. ಅವರ ತಂದೆತಾಯಂದಿರು ಇಲ್ಲಿದ್ದರೆ ಮನೆಯಲ್ಲಿ ಹೇಳಿ.

ರೈಲು ಸುರಕ್ಷಿತ ಎಂದು ನಾವು ಭಾವಿಸುತ್ತೇವೆ, ಬಹುಮಟ್ಟಿಗೆ ಅದು ನಿಜವೂ ಹೌದು. ಆದರೂ 2005ರ ಅಕ್ಟೋಬರ್ 29ರ ಬೆಳಗಿನ ಜಾವ ತೆಲಂಗಾಣದ ವಲಿಗೊಂಡ ಬಳಿ, ಮೇಲಿನ ಕೆರೆ ಒಡೆದು ಬಂದ ನೀರು ಒಂದು ಸಣ್ಣ ರೈಲು ಸೇತುವೆಯನ್ನು ಕಿತ್ತುಕೊಂಡು ಹೋಗಿತ್ತು, ಅದು ತಿಳಿಯದೆ ಬಂದ ಪ್ಯಾಸೆಂಜರ್ ರೈಲು ಹಳ್ಳಕ್ಕೆ ಉರುಳಿ ನೂರಕ್ಕೂ ಹೆಚ್ಚು ಜನ ಸತ್ತರು. ಅಂದಿನಿಂದ ಮಳೆಯ ದಿನಗಳಲ್ಲಿ ರೈಲನ್ನು ನಿಧಾನಗೊಳಿಸಿದರೆ, ನಿಲ್ಲಿಸಿದರೆ, ನಾನು ಗೊಣಗುವುದಿಲ್ಲ. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡ ಮುಳುಗಿದಾಗ ನೂರಾರು ರೈಲುಗಳು ರದ್ದಾದವು, ಹಲವು ಮಾರ್ಗ ಬದಲಿಸಿದವು. ಗುಂತಕಲ್ ಮೂಲಕ ಪೂರ್ವಕ್ಕೆ ಹೋಗುವವರು ಹೊರಡುವ ಮುನ್ನ 139ಕ್ಕೆ ಕರೆ ಮಾಡಿ ಕೇಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಯಾವುದೇ ತುರ್ತಿಗೆ 112. ವಿದ್ಯುತ್ ತಂತಿ ಬಿದ್ದಿರುವುದು ಕಂಡರೆ 1912. ಈ ಸಂಖ್ಯೆಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವುದರ ಜೊತೆಗೆ ಗೋಡೆಯ ಮೇಲೂ ಬರೆದಿಡಿ, ಏಕೆಂದರೆ ಮೊದಲು ಸಾಯುವುದು ಫೋನಿನ ಬ್ಯಾಟರಿ.

ರಾತ್ರಿಯ ಪ್ರಯಾಣವನ್ನು ಸಾಧ್ಯವಾದಷ್ಟೂ ಬಿಡಬೇಕು. ಕತ್ತಲೆಯಲ್ಲಿ, ಮಳೆಯಲ್ಲಿ, ಡಾಂಬರು ರಸ್ತೆಯ ಮೇಲೆ ಹರಿಯುವ ನೀರು ಹೆಡ್‌ಲೈಟಿಗೆ ಒದ್ದೆ ರಸ್ತೆಯಂತೆಯೇ ಕಾಣುತ್ತದೆ. ಬೆಂಗಳೂರಿನಿಂದ ಬರುವ ಮಕ್ಕಳಿಗೆ ಹಬ್ಬದ ಹಿಂದಿನ ರಾತ್ರಿಯೇ ಬಾ ಎಂದು ಒತ್ತಾಯ ಮಾಡಬೇಡಿ. ತಾಲ್ಲೂಕಿನ ಊರಿನಲ್ಲಿ ರಾತ್ರಿ ಉಳಿದು ಬೆಳಕಾದ ಮೇಲೆ ಹಳ್ಳಿಗೆ ಬರಲಿ. ಹೆದ್ದಾರಿ ಸುರಕ್ಷಿತವಾಗಿ ದಾಟಿದವರು ಊರಿನಿಂದ ಎರಡು ಕಿಲೋಮೀಟರ್ ದೂರದ ಹಳ್ಳದಲ್ಲಿ ಕೊಚ್ಚಿಹೋಗುತ್ತಾರೆ.

ಮಳೆ ನಿಂತ ಮೇಲಿನ ಮಾತನ್ನೂ ಸೇರಿಸುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಸಾವು ಬಿಸಿಲು ಬಂದ ಮೇಲೂ ಬರುತ್ತದೆ. ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಗಿರುತ್ತದೆ, ಹಸಿ ಗೋಡೆಯ ಕಾಲು ನೆನೆದು ಮೆತ್ತಗಾಗಿರುತ್ತದೆ. ಮಳೆಯಲ್ಲಿ ಹೇಗೋ ನಿಂತ ಮನೆ ಒಣಗುವಾಗ ಕುಸಿಯುತ್ತದೆ. 2009ರಲ್ಲಿ ಸತ್ತವರಲ್ಲಿ ಹಲವರು ಮನೆ ಬಿದ್ದು ಸತ್ತವರು. ಜಂತಿಯಿಂದ ಮಣ್ಣು ಉದುರುತ್ತಿದ್ದರೆ, ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರದಿದ್ದರೆ, ಗೋಡೆಯಲ್ಲಿ ಓರೆ ಬಿರುಕು ಕಂಡರೆ, ಅಲ್ಲಿ ಮಲಗಬಾರದು. ಶಾಲೆಯಲ್ಲೋ ಸಮುದಾಯ ಭವನದಲ್ಲೋ ಇನ್ನೂ ಕೆಲವು ರಾತ್ರಿ ಕಳೆಯಿರಿ. ನೀರನ್ನು ಕುದಿಸಿ ಕುಡಿಯಿರಿ. ನೆರೆ ಇಳಿದ ಮನೆಗೆ ಕಾಲಿಡುವಾಗ ಹಾವಿರಬಹುದು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಿರಿ.

ಕೊನೆಯದು ಬೆಳೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತ ಕೊಯ್ಲಿಗೆ ಬರುವುದು, ಕಣದಲ್ಲಿ ಮೆಣಸಿನಕಾಯಿ ಒಣಗುವುದು ಇದೇ ಕಾಲದಲ್ಲಿ. ಭತ್ತ ಕೊಯ್ಯುವ ಯಂತ್ರಕ್ಕೆ ಎಲ್ಲರೂ ಒಂದೇ ದಿನ ಮುಗಿಬೀಳುವುದರಿಂದ ಬಲಿತ ಗದ್ದೆಯ ಸರದಿಯನ್ನು ಊರಲ್ಲಿ ಕುಳಿತು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕಣದ ರಾಶಿಗೆ ತಾಡಪತ್ರಿ ಹೊದಿಸಿದರೆ ಸಾಲದು, ಸುತ್ತ ಕಾಲುವೆ ತೆಗೆಯಬೇಕು, ಏಕೆಂದರೆ ನೀರು ಬರುವುದು ಕೆಳಗಿನಿಂದ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದವರಿಗೆ, ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಚಂಡಮಾರುತದ ಮಳೆಗೆ ಹಾಳಾದರೂ ಕೊಯ್ಲಾದ 14 ದಿನಗಳವರೆಗೆ ರಕ್ಷಣೆ ಇದೆ. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಬಹುದು, ಇಲ್ಲವೇ ವಿಮೆ ಕಟ್ಟಿದ ಬ್ಯಾಂಕಿಗೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ಹೇಳಿ, ಕೊಟ್ಟ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಬಹುದು. ನೀರು ಇಳಿಯಲಿ, ಆಮೇಲೆ ನೋಡೋಣ ಎಂದು ಕಾದವರ 72 ಗಂಟೆ ಹೊಲಕ್ಕೆ ದಾರಿ ಬಿಡುವಷ್ಟರಲ್ಲೇ ಮುಗಿದಿರುತ್ತದೆ. ಹಾಗಾಗಿ ಮೊದಲು ಕರೆ ಮಾಡಿ, ಫೋಟೊವನ್ನು ಆಮೇಲೆ ತೆಗೆಯಿರಿ.